ಭಂಗಿ ತಿದ್ದುವ ತರಬೇತಿಗೆ ಹಣ ಕಟ್ಟುವ ಮುನ್ನ

ಕಲಬುರಗಿಯ ನೆಹರೂ ಗಂಜಿನ ಒಂದು ಅಡತಿ ಅಂಗಡಿಗೆ ನಾನು ಲೆಕ್ಕ ಬರೆಯಲು ಸೇರಿದಾಗ ಕೆಂಪು ರಟ್ಟಿನ ಖಾತೆ ಪುಸ್ತಕಗಳಿದ್ದವು, ಈಗ ಕಂಪ್ಯೂಟರ್ ಇದೆ; ಬದಲಾಗದೆ ಉಳಿದದ್ದು ಗಾದಿಯ ಪಕ್ಕದ ಗಿಡ್ಡ ಮೇಜು ಮಾತ್ರ. ತೊಗರಿಯ ಆವಕ ಜೋರಾಗಿರುವ ದಿನಗಳಲ್ಲಿ ಬೆಳಿಗ್ಗೆ ಆ ಮೇಜಿನ ಮುಂದೆ ಕುಳಿತವನು ಟೆಂಡರ್ ಮುಗಿದು, ತೂಕದ ಚೀಟಿಗಳೆಲ್ಲ ಕೈಸೇರುವ ತನಕ ಏಳುತ್ತಿರಲಿಲ್ಲ. ಮೂರು ವರ್ಷಗಳ ಹಿಂದೆ ಹೆಕ್ಕತ್ತಿನಲ್ಲಿ ಆರಂಭವಾದ ಬಿಗಿತವು ಬಲ ಹೆಗಲಿಗಿಳಿದಾಗ, ಪರಿಚಯದವರೊಬ್ಬರ ಮಾತಿನಂತೆ ಭಂಗಿ ತಿದ್ದುವ ಒಂದು ಕೇಂದ್ರಕ್ಕೆ ಹೋದೆ. ಅಲ್ಲಿ ಗೋಡೆಗೆ ನಿಲ್ಲಿಸಿ ಮೊಬೈಲಿನಲ್ಲಿ ಫೋಟೋ ತೆಗೆದು, ಅದರ ಮೇಲೆ ಗೆರೆ ಎಳೆದು, ನನ್ನ ತಲೆ ಎರಡು ಇಂಚು ಮುಂದೆ ಬಂದಿದೆ ಎಂದರು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ನಾನು ಮೂರು ತಿಂಗಳ ಹಣ ಕಟ್ಟಿದ್ದೆ. ಎರಡನೆಯ ವಾರ ಅಲ್ಲಿನ ತರಬೇತುದಾರ ನನ್ನ ಕುತ್ತಿಗೆಯನ್ನು ಹಿಡಿದು ಒಮ್ಮೆಲೇ ತಿರುಗಿಸಿದ. ಲಟಕ್ಕೆಂದು ಸದ್ದಾಯಿತು, ಮರುದಿನದಿಂದ ಹೆಬ್ಬೆರಳವರೆಗೆ ಜುಮುಜುಮು ಶುರುವಾಯಿತು.

ಅನಂತರ ನನ್ನನ್ನು ನೋಡಿದ ಫಿಜಿಯೋಥೆರಪಿಸ್ಟ್ ಅರ್ಧ ಗಂಟೆ ಬರೀ ಪ್ರಶ್ನೆಗಳನ್ನು ಕೇಳಿದರು, ಮೇಜಿನ ಎತ್ತರವನ್ನೂ ಕೇಳಿದರು. ಆ ಎರಡು ಭೇಟಿಗಳ ನಡುವಿನ ವ್ಯತ್ಯಾಸವೇ ಈ ಲೇಖನಕ್ಕೆ ಕಾರಣ. ಕಲಬುರಗಿ, ಬೀದರ್, ಯಾದಗಿರಿಗಳಲ್ಲಿ ಈಗ ಜಿಮ್, ಯೋಗ ತರಗತಿ, ಫಿಜಿಯೋಥೆರಪಿ ಕ್ಲಿನಿಕ್, ಮೊಬೈಲಿನ ವಿಡಿಯೋ ಎಂದು ಬೆನ್ನು ನೆಟ್ಟಗಾಗಿಸುವ ಭರವಸೆ ಕೊಡುವವರು ಹಲವರಿರುವುದರಿಂದ, ಆರಿಸಿಕೊಳ್ಳುವವರು ಯಾವ ಕ್ರಮದಲ್ಲಿ ಯೋಚಿಸಬೇಕೆಂಬುದನ್ನು ಇಲ್ಲಿ ಹೇಳಿದ್ದೇನೆ. ನಾನು ವೈದ್ಯನಲ್ಲ; ಮೋಸ ಹೋದ ಮೇಲೆ ಓದಿ, ಕೇಳಿ, ಮಾಡಿ ತಿಳಿದುಕೊಂಡವನು.

ಮೊದಲು: ಇದು ತರಬೇತಿಯ ಕೆಲಸವೇ, ವೈದ್ಯರ ಕೆಲಸವೇ?

ಬೆನ್ನು ಬಾಗಿರುವುದಕ್ಕೂ ನೋಯುವುದಕ್ಕೂ ಕಾರಣ ಪ್ರತಿಸಲವೂ ಕೂರುವ ರೀತಿಯೇ ಆಗಿರುವುದಿಲ್ಲ. ಮಲಮೂತ್ರದ ಹಿಡಿತ ತಪ್ಪಿದ್ದರೆ, ತೊಡೆಸಂಧಿಯ ಸುತ್ತ, ಅಂದರೆ ಸೈಕಲ್ ಸೀಟು ತಾಗುವ ಜಾಗದಲ್ಲಿ, ಮರಗಟ್ಟಿದಂತಾಗಿದ್ದರೆ ಅಥವಾ ಕಾಲಿನ ಶಕ್ತಿ ದಿನದಿಂದ ದಿನಕ್ಕೆ ಕುಂದುತ್ತಿದ್ದರೆ ಅದು ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ ಸಂಗತಿ, ನಾಳೆಗೆ ಉಳಿಸುವುದಲ್ಲ. ಬಿದ್ದ ಮೇಲೆ ಅಥವಾ ಗಾಡಿ ಅಪಘಾತದ ಮೇಲೆ ಬಂದ ನೋವು, ಹಿಂದೆ ಕ್ಯಾನ್ಸರ್ ಆದವರಲ್ಲಿ ಹೊಸದಾಗಿ ಕಾಣಿಸಿಕೊಂಡ ಬೆನ್ನುನೋವು, ಬಹುಕಾಲ ಸ್ಟೀರಾಯ್ಡ್ ಗುಳಿಗೆ ನುಂಗಿದವರ ನೋವು, ಇವೆಲ್ಲ ಮೊದಲು ವೈದ್ಯರ ಕಣ್ಣಿಗೆ ಬೀಳಬೇಕು.

ನಮ್ಮ ಭಾಗದಲ್ಲಿ ವಿಶೇಷವಾಗಿ ನೆನಪಿಡಬೇಕಾದ ಎರಡು ಕಾಯಿಲೆಗಳಿವೆ. ಒಂದು, ಬೆನ್ನೆಲುಬಿನ ಕ್ಷಯ. ಕ್ಷಯವೆಂದರೆ ಕೆಮ್ಮು ಎಂದಷ್ಟೇ ತಿಳಿದವರಿಗೆ ಇದು ಗೊತ್ತಾಗುವುದೇ ತಡವಾಗಿ: ಸಂಜೆಯ ಸಣ್ಣ ಜ್ವರ, ರಾತ್ರಿಯ ಬೆವರು, ತೂಕ ಇಳಿಯುವುದು, ಮಲಗಿದರೂ ಬಿಡದ ನೋವು, ಕೊನೆಗೆ ಬೆನ್ನಿನ ಒಂದೇ ಜಾಗದಲ್ಲಿ ಗಂಟಿನಂತೆ ಎದ್ದು ನಿಲ್ಲುವ ಚೂಪು ಗೂನು. ಇಂಥ ಬೆನ್ನನ್ನು ಒತ್ತಿ, ಎಳೆದು ನೆಟ್ಟಗಾಗಿಸಲು ಹೊರಟರೆ ಆಗುವ ಅನಾಹುತ ದೊಡ್ಡದು. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಪರೀಕ್ಷೆಯೂ ಔಷಧಿಯೂ ಉಚಿತ. ಇನ್ನೊಂದು, ಫ್ಲೋರೋಸಿಸ್. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳು ಯಾದಗಿರಿ ಮತ್ತು ಕಲಬುರಗಿ ಜಿಲ್ಲೆಗಳಲ್ಲಿವೆ. ಕುಡಿಯುವ ನೀರಿನ ಭಾರತೀಯ ಮಾನದಂಡವು ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡನ್ನು ಒಪ್ಪುತ್ತದೆ; ಬೇರೆ ನೀರೇ ಸಿಗದಿದ್ದರೆ 1.5 ಮಿಲಿಗ್ರಾಂವರೆಗೆ ಬಿಡುತ್ತದೆ. ಅದಕ್ಕಿಂತ ಬಹಳ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಹಲ್ಲಿನ ಮೇಲೆ ಕಂದು ಕಲೆಯಾಗುವುದಲ್ಲದೆ ಬೆನ್ನು, ಕುತ್ತಿಗೆಗಳೂ ಬಿಗಿದುಕೊಳ್ಳುತ್ತವೆ. ಊರಲ್ಲಿ ನಿಮ್ಮ ವಾರಗೆಯ ಹಲವರಿಗೆ ಒಂದೇ ಬಗೆಯ ಬಿಗಿತವಿದ್ದರೆ, ತರಬೇತಿಯ ವಿಚಾರಕ್ಕಿಂತ ಮೊದಲು ನೀರಿನ ಪರೀಕ್ಷೆ ಮಾಡಿಸಿರಿ.

ಹರೆಯದಲ್ಲಿ ಶುರುವಾಗಿ, ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬೆನ್ನು ಮರದ ಕೊರಡಿನಂತಿದ್ದು, ಓಡಾಡಿದ ಮೇಲೆ ಸಡಿಲಾಗುವ, ಸುಮ್ಮನೆ ಮಲಗಿದರೆ ಹೆಚ್ಚಾಗುವ ಟೊಂಕನೋವು ಉರಿಯೂತದ ಸಂಧಿವಾತವಾಗಿರಬಹುದು. ಅದಕ್ಕೆ ಔಷಧವಿದೆ, ತಡಮಾಡಿದರೆ ಬೆನ್ನೆಲುಬಿನ ಮಣಿಗಳು ಒಂದಕ್ಕೊಂದು ಕೂಡಿಕೊಳ್ಳಬಹುದು. ಮುಟ್ಟು ನಿಂತ ಹಿರಿಯ ಹೆಂಗಸರಲ್ಲಿ ಎತ್ತರ ಕಡಿಮೆಯಾಗಿ ಬೆನ್ನು ಬಾಗುತ್ತ ಬಂದರೆ ಮೂಳೆ ಸವೆದು ಒಳಗೊಳಗೇ ಮಣಿಗಳು ಕುಸಿದಿರುವ ಸಾಧ್ಯತೆ ಇರುತ್ತದೆ. ಅಂಥವರನ್ನು ಯೋಗದ ತರಗತಿಯಲ್ಲಿ ಕಾಲ್ಬೆರಳು ಮುಟ್ಟುವಂತೆ ಬಗ್ಗಿಸುವುದು ಮೂಳೆ ಮುರಿಯುವುದಕ್ಕೆ ಎಡೆಮಾಡಿಕೊಟ್ಟಂತೆ. ನಮ್ಮ ಮನೆಯ ಹಿರಿಯರೊಬ್ಬರಿಗೆ ಕೊಡ ಎತ್ತಿದಾಗ ಚಳಕು ಹಿಡಿಯಿತೆಂದು ತಿಂಗಳುಗಟ್ಟಲೆ ಎಣ್ಣೆ ತಿಕ್ಕಿದೆವು. ಎಕ್ಸ್‌ರೇ ತೆಗೆಸಿದಾಗ ಒಂದು ಮಣಿ ಕುಸಿದಿತ್ತು.

ಈ ಯಾವ ಲಕ್ಷಣವೂ ಇಲ್ಲದೆ, ದುಡಿಮೆಯೊಂದಿಗೆ ಬಂದು ವಿಶ್ರಾಂತಿಯೊಂದಿಗೆ ತಗ್ಗುವ ನೋವಿದ್ದರೆ ಮಾತ್ರ ಮುಂದಿನ ಹೆಜ್ಜೆಗೆ ಹೋಗಬಹುದು. ಅಂಥವರಿಗೆ ಮೊದಲ ವಾರವೇ ಎಂಆರ್‌ಐ ಬೇಕಾಗುವುದಿಲ್ಲ. ನೋವೇ ಇಲ್ಲದ ನಡುವಯಸ್ಸಿನವರ ಎಂಆರ್‌ಐಯಲ್ಲೂ ಸವೆದ ಡಿಸ್ಕುಗಳು ಧಾರಾಳವಾಗಿ ಕಾಣುತ್ತವೆ, ಅದನ್ನು ನೋಡಿ ಹೆದರಿದವರನ್ನು ಒಲಿಸುವುದು ಮಾರುವವರಿಗೆ ಸುಲಭ.

ನಿಮ್ಮ ದಿನವನ್ನು ಬರೆದಿಡಿ

ತರಬೇತಿ ಹುಡುಕುವ ಮೊದಲು ಒಂದು ವಾರ ಸಣ್ಣ ಪುಸ್ತಕವೊಂದನ್ನು ಇಟ್ಟುಕೊಂಡು, ಯಾವ ಕೆಲಸದಲ್ಲಿ, ಎಷ್ಟು ಹೊತ್ತಿಗೆ, ಮೈಯ ಯಾವ ಭಾಗದಲ್ಲಿ ನೋವು ಬರುತ್ತದೆ, ಏನು ಮಾಡಿದರೆ ಹೋಗುತ್ತದೆ ಎಂಬುದನ್ನು ಬರೆಯಿರಿ. ಇದು ಕೇಳಲು ಸಣ್ಣ ಸಂಗತಿ, ಆದರೆ ತರಬೇತಿಯು ನಿಮ್ಮ ಕೆಲಸಕ್ಕೆ ಹೊಂದುತ್ತದೆಯೇ ಎಂಬುದನ್ನು ಅಳೆಯಲು ನಿಮ್ಮ ಕೈಯಲ್ಲಿರುವ ಅಳತೆಗೋಲು ಇದೊಂದೇ.

ಬೀದರಿನಲ್ಲಿ ಬಿದ್ರಿ ಕೆತ್ತುವವರನ್ನು ನೋಡಿ. ನೆಲದ ಮೇಲೆ ಕುಳಿತು, ಹೂದಾನಿಯನ್ನು ಅಲುಗದಂತೆ ಕೂರಿಸಿಕೊಂಡು, ಎಡಗೈಯ ಉಳಿಗೆ ಬಲಗೈಯ ಸುತ್ತಿಗೆಯಿಂದ ಸಣ್ಣ ಸಣ್ಣ ಪೆಟ್ಟು ಕೊಡುತ್ತ, ಬೆಳ್ಳಿಯ ತಂತಿ ಕೂರುವ ಗೆರೆ ಕಾಣಲೆಂದು ಮುಖವನ್ನು ಕೆಲಸಕ್ಕೆ ಒಂದು ಗೇಣಿನಷ್ಟು ಹತ್ತಿರ ತರುತ್ತಾರೆ. ಅವರಿಗೆ ನೆಟ್ಟಗೆ ಕೂತು ಕೆತ್ತಿರಿ ಎನ್ನುವ ತರಬೇತುದಾರನಿಗೆ ಆ ಕೆಲಸ ಗೊತ್ತಿಲ್ಲ ಎಂದೇ ಅರ್ಥ, ಏಕೆಂದರೆ ನೆಟ್ಟಗೆ ಕೂತರೆ ಗೆರೆ ಕಾಣುವುದಿಲ್ಲ. ಅವರಿಗೆ ಬೇಕಾದದ್ದು ಬೇರೆ: ಕೆಲಸದ ವಸ್ತುವನ್ನು ಎತ್ತರಿಸಿಕೊಳ್ಳುವುದು, ಬೆಳಕು ಎದುರಿನಿಂದ ಬೀಳುವಂತೆ ಮಾಡಿಕೊಳ್ಳುವುದು, ಕನ್ನಡಕದ ನಂಬರ್ ನೋಡಿಸಿಕೊಳ್ಳುವುದು, ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲುವುದು, ಹೆಗಲ ಹಿಂದಿನ ಸ್ನಾಯುಗಳನ್ನು ಬಲಪಡಿಸುವುದು. ಹಾಗೆಯೇ ಮಾರಾಟಕ್ಕೆಂದು ದಿನಕ್ಕೆ ನೂರಾರು ಜೋಳದ ರೊಟ್ಟಿ ಬಡಿಯುವ ಹೆಣ್ಣುಮಕ್ಕಳ ಟೊಂಕ, ಸುರಪುರ, ಶಹಾಪುರಗಳ ಕಡೆ ಬಗ್ಗಿ ಭತ್ತದ ಸಸಿ ನೆಡುವವರ ಟೊಂಕ, ಜೇವರ್ಗಿ ರಸ್ತೆಯ ಮೇಲೆ ದಿನವಿಡೀ ಬಸ್ಸು ನಡೆಸುವ ಚಾಲಕನ ಟೊಂಕ, ಹೆಸರು ಒಂದೇ ಆದರೂ ಬೇಡಿಕೆ ಬೇರೆ ಬೇರೆ. ಎಲ್ಲರಿಗೂ ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿದ ಹತ್ತು ವ್ಯಾಯಾಮ ಕೊಡುವಲ್ಲಿ ಹಣ ಕಟ್ಟುವ ಅಗತ್ಯವಿಲ್ಲ.

ಗೋಡೆಯ ಮುಂದಿನ ಫೋಟೋ

ಹೆಚ್ಚಿನ ಕೇಂದ್ರಗಳು ನಿಮ್ಮನ್ನು ಒಳಗೆ ಕರೆದುಕೊಳ್ಳುವುದೇ ಫೋಟೋದ ಮೂಲಕ. ತಲೆ ಮುಂದೆ ಬಂದಿದೆ, ಒಂದು ಹೆಗಲು ಇಳಿದಿದೆ, ಸೊಂಟ ವಾಲಿದೆ ಎಂದು ತೋರಿಸುತ್ತಾರೆ. ಫೋಟೋ ಸುಳ್ಳಲ್ಲ, ಆದರೆ ಅದರಿಂದ ಅವರು ತೆಗೆಯುವ ತೀರ್ಮಾನ ಬಹುಮಟ್ಟಿಗೆ ಸುಳ್ಳು. ಇಡೀ ಮನುಷ್ಯಕುಲಕ್ಕೆ ಹೊಂದುವ ಒಂದೇ ಸರಿಯಾದ ಭಂಗಿ ಇದೆಯೆಂದಾಗಲಿ, ಅದರಿಂದ ತಪ್ಪಿದವರಿಗೆಲ್ಲ ನೋವು ಬರುತ್ತದೆಯೆಂದಾಗಲಿ ಬಲವಾದ ಪುರಾವೆ ಇಲ್ಲ. ನಮ್ಮ ಗಂಜಿನಲ್ಲಿ 50 ಕೆ.ಜಿ.ಯ ಚೀಲ ಹೊರುವ ಹಿರಿಯ ಹಮಾಲರೊಬ್ಬರಿದ್ದಾರೆ. ಅವರ ಬೆನ್ನು ಮೇಲ್ಭಾಗದಲ್ಲಿ ಚೆನ್ನಾಗಿಯೇ ಬಾಗಿದೆ, ಕುತ್ತಿಗೆ ಮುಂದಿದೆ, ನೋವು ಮಾತ್ರ ಮೇಜಿನ ಮುಂದೆ ಕೂತ ನನಗೆ ಬಂತು.

ಮೊಬೈಲ್ ನೋಡಲು 60 ಡಿಗ್ರಿ ತಲೆ ಬಗ್ಗಿಸಿದರೆ ಕುತ್ತಿಗೆಯ ಮೇಲೆ 27 ಕೆ.ಜಿ. ಭಾರ ಬೀಳುತ್ತದೆ ಎಂಬ ಚಿತ್ರವನ್ನು ನೀವೂ ನೋಡಿರಬಹುದು. ಅದು 2014ರಲ್ಲಿ ಪ್ರಕಟವಾದ, ಕಂಪ್ಯೂಟರಿನಲ್ಲಿ ಮಾದರಿ ರಚಿಸಿ ಲೆಕ್ಕ ಹಾಕಿದ ಅಂದಾಜು; ಯಾರ ಕುತ್ತಿಗೆಯಲ್ಲೂ ಅಳೆದದ್ದಲ್ಲ. ಸುಮಾರು 5 ಕೆ.ಜಿ. ತೂಗುವ ತಲೆಯನ್ನು ಮುಂದಕ್ಕೆ ಚಾಚಿದಷ್ಟೂ ಹಿಂದಿನ ಸ್ನಾಯುಗಳ ಕೆಲಸ ಹೆಚ್ಚುತ್ತದೆ ಎಂಬುದು ತಕ್ಕಡಿಯ ದಂಡಿಗೆ ತೂಗು ಹಾಕಿದ ಯಾರಿಗಾದರೂ ಅರ್ಥವಾಗುವ ಮಾತು. ತೊಂದರೆ ಬರುವುದು ಬಗ್ಗುವುದರಿಂದಲ್ಲ, ಬಗ್ಗಿದಲ್ಲೇ ಗಂಟೆಗಟ್ಟಲೆ ಉಳಿಯುವುದರಿಂದ ಮತ್ತು ಆ ಕೆಲಸಕ್ಕೆ ಬೇಕಾದಷ್ಟು ಬಲ ಸ್ನಾಯುಗಳಲ್ಲಿ ಇಲ್ಲದಿರುವುದರಿಂದ. ನೀವು ಹುಡುಕಬೇಕಾದ ತರಬೇತಿ ಈ ಎರಡನ್ನು ಬದಲಿಸುವಂಥದ್ದು. ಫೋಟೋದ ಗೆರೆಯನ್ನು ಬದಲಿಸುವಂಥದ್ದಲ್ಲ.

ಕಲಿಸುವವರು ಯಾರು

ನೋವಿರುವವರಿಗೆ ಮೊದಲ ಆಯ್ಕೆ ಫಿಜಿಯೋಥೆರಪಿಯ ಪದವಿ ಇರುವವರು. ಈಗ ವೃತ್ತಿಯಲ್ಲಿರುವ ಹೆಚ್ಚಿನವರು ಬಿಪಿಟಿ ಎಂಬ ನಾಲ್ಕು ವರ್ಷದ ಓದನ್ನೂ ಆರು ತಿಂಗಳ ಇಂಟರ್ನ್‌ಶಿಪ್ಪನ್ನೂ ಮುಗಿಸಿದವರು. ಎಂಪಿಟಿ ಎಂದರೆ ಅದರ ಮೇಲೆ ಇನ್ನೆರಡು ವರ್ಷ. ಯಾವ ಕಾಲೇಜು, ಯಾವ ವಿಶ್ವವಿದ್ಯಾಲಯ ಎಂದು ಕೇಳುವುದರಲ್ಲಿ ಅವಮಾನವೇನೂ ಇಲ್ಲ, ನಿಜವಾಗಿ ಓದಿದವರು ಸಂತೋಷದಿಂದಲೇ ಹೇಳುತ್ತಾರೆ. ವಾರಾಂತ್ಯದ ಆನ್‌ಲೈನ್ ಕೋರ್ಸಿನ ಪ್ರಮಾಣಪತ್ರವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗಿಹಾಕಿರುವುದನ್ನು ನಾನು ಕಂಡಿದ್ದೇನೆ. ಚೌಕಟ್ಟು ನೋಡದೆ ಒಳಗಿನ ಅಕ್ಷರ ಓದಿರಿ. ಕರ್ನಾಟಕದಲ್ಲಿ ಖಾಸಗಿ ಚಿಕಿತ್ಸಾ ಕೇಂದ್ರಗಳು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಾಯಿಸಿಕೊಂಡು, ಆ ಪ್ರಮಾಣಪತ್ರವನ್ನೂ ದರಪಟ್ಟಿಯನ್ನೂ ಜನರಿಗೆ ಕಾಣುವಂತೆ ಹಾಕಬೇಕು. ಫಿಜಿಯೋಥೆರಪಿ ಕೇಂದ್ರಗಳೂ ಇದರಲ್ಲಿ ಸೇರುತ್ತವೆ.

ಹಣದ ಅಡಚಣೆ ಇರುವವರು ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್ ಎಂಬ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಮತ್ತು ಯಾದಗಿರಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲಿ ಹೊರರೋಗಿ ಚೀಟಿ ಮಾಡಿಸಿ, ಮೂಳೆ ವಿಭಾಗದಲ್ಲಿ ತೋರಿಸಿ, ವ್ಯಾಯಾಮ ಕಲಿಸಲು ಬರೆಸಿಕೊಳ್ಳಬಹುದು. ಇಎಸ್‌ಐ ಕಾರ್ಡ್ ಇರುವ ಕಾರ್ಮಿಕರಿಗೆ ಸೇಡಂ ರಸ್ತೆಯ ಇಎಸ್‌ಐ ಆಸ್ಪತ್ರೆ ಇದೆ. ಸರತಿ ಉದ್ದವಿರುತ್ತದೆ, ಒಪ್ಪುತ್ತೇನೆ. ಆದರೆ ಅಲ್ಲಿ ಮೂರು ತಿಂಗಳ ಪ್ಯಾಕೇಜ್ ಮಾರುವ ಅವಸರ ಯಾರಿಗೂ ಇರುವುದಿಲ್ಲ.

ನೋವಿಲ್ಲದೆ ಬಿಗಿತ ಮಾತ್ರ ಇರುವವರಿಗೆ ಒಳ್ಳೆಯ ಯೋಗ ತರಗತಿಯೂ ಸಾಕು. ಆಯುಷ್ ಸಚಿವಾಲಯದಡಿ ಯೋಗ ಪ್ರಮಾಣೀಕರಣ ಮಂಡಳಿ ಇದೆ, ಅದರ ಪರೀಕ್ಷೆ ಪಾಸಾದ ಶಿಕ್ಷಕರಿದ್ದಾರೆ; ಆದರೂ ಪ್ರಮಾಣಪತ್ರಕ್ಕಿಂತ ದೊಡ್ಡ ಗುರುತು ಒಂದಿದೆ. ತರಗತಿಗೆ ಸೇರುವ ಮೊದಲು ರಕ್ತದೊತ್ತಡ, ಗ್ಲಾಕೋಮ ಎಂಬ ಕಣ್ಣಿನ ಕಾಯಿಲೆ, ಮೂಳೆ ಸವೆತ, ಗರ್ಭ ಇವುಗಳ ಬಗ್ಗೆ ಶಿಕ್ಷಕರು ತಾವಾಗಿ ಕೇಳುತ್ತಾರೆಯೇ, ಶೀರ್ಷಾಸನ, ಸರ್ವಾಂಗಾಸನಗಳನ್ನು ಎಲ್ಲರಿಂದಲೂ ಮಾಡಿಸುತ್ತಾರೆಯೇ ಎಂಬುದನ್ನು ನೋಡಿರಿ. ಕೇಳದೆ ಮಾಡಿಸುವ ಕಡೆ ಹೋಗಬೇಡಿರಿ. ಜಿಮ್ಮಿನ ತರಬೇತುದಾರರಿಗೂ ಇದೇ ಮಾತು.

ಮೊದಲ ದಿನ ಏನಾಗಬೇಕು

ಸರಿಯಾದ ಮೊದಲ ಭೇಟಿಯು ಹೆಚ್ಚಾಗಿ ಮಾತಿನಲ್ಲಿ ಕಳೆಯುತ್ತದೆ. ನನ್ನನ್ನು ನೋಡಿದವರು ನೋವು ಯಾವಾಗ ಬಂತು, ರಾತ್ರಿ ಎಬ್ಬಿಸುತ್ತದೆಯೇ, ಕೈ ಬೆರಳಿನಲ್ಲಿ ಜುಮುಜುಮು ಎಲ್ಲಿಂದ ಎಲ್ಲಿಯವರೆಗೆ, ಯಾವ ದಿಂಬು, ಯಾವ ಗುಳಿಗೆ, ಮನೆಯಲ್ಲಿ ಏನು ಚಿಂತೆ ಎಂದೆಲ್ಲ ಕೇಳಿದರು. ಆಮೇಲೆ ಕುತ್ತಿಗೆಯನ್ನು ನಾನೇ ಎಲ್ಲ ದಿಕ್ಕಿಗೂ ತಿರುಗಿಸಿ ತೋರಿಸಬೇಕಾಯಿತು, ಅವರು ಕೈ ಹಚ್ಚಲಿಲ್ಲ. ಎರಡೂ ಕೈಗಳ ಹಿಡಿತ ಹೋಲಿಸಿದರು, ಮೊಣಕೈಯ ಬಳಿ ಪುಟ್ಟ ಸುತ್ತಿಗೆಯಿಂದ ತಟ್ಟಿದರು, ಹತ್ತಿಯ ಎಳೆಯನ್ನು ಬೆರಳುಗಳಿಗೆ ಸೋಕಿಸಿ ಎರಡೂ ಕಡೆ ಒಂದೇ ಸಮ ಗೊತ್ತಾಗುತ್ತದೆಯೇ ಎಂದು ಕೇಳಿದರು. ಅಂಗಡಿಯಲ್ಲಿ ಹೇಗೆ ಕೂರುತ್ತೀರೋ ಹಾಗೆ ಕೂತು ತೋರಿಸಿರಿ ಎಂದು ಸ್ಟೂಲು ಕೊಟ್ಟರು. ಕೊನೆಗೆ ಕೇಳಿದ ಪ್ರಶ್ನೆ ನನಗೆ ಬಹಳ ಹಿಡಿಸಿತು: "ನೋವು ಕಡಿಮೆಯಾದರೆ ನೀವು ಮೊದಲು ಏನು ಮಾಡಬೇಕಂತೀರಿ?" ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಶರಣಬಸವೇಶ್ವರ ಜಾತ್ರೆಗೆ ಹೋಗಬೇಕು ಎಂದೆ. ಅದನ್ನೇ ಗುರಿ ಎಂದು ಬರೆದುಕೊಂಡರು.

ಪ್ರಶ್ನೆ ಕೇಳದೆ ಮೊದಲ ದಿನವೇ ಮೈಮೇಲೆ ಕೈ ಹಾಕುವವರು, ಬಟ್ಟೆ ಸಡಿಲಿಸಲು ಹೇಳುವಾಗ ಕಾರಣ ಹೇಳದವರು, ಹೆಂಗಸರಿಗೆ ಜೊತೆಯವರನ್ನು ಒಳಗೆ ಬಿಡದವರು, ಇವರಲ್ಲಿ ಯಾರ ಬಳಿಯೂ ಎರಡನೆಯ ಸಲ ಹೋಗಬೇಕಾಗಿಲ್ಲ.

ಅಭ್ಯಾಸದಲ್ಲಿ ಏನಿರಬೇಕು

ತರಬೇತಿಯ ಸತ್ವ ಇರುವುದು ಇಲ್ಲಿ. ಪರಿಣಾಮಕಾರಿಯಾದ ಯೋಜನೆಯಲ್ಲಿ ಬಿಗಿದದ್ದನ್ನು ಸಡಿಲಿಸುವ ಕೆಲವು ಚಲನೆಗಳು, ಸೋತದ್ದನ್ನು ಬಲಪಡಿಸುವ ಕೆಲವು ವ್ಯಾಯಾಮಗಳು ಮತ್ತು ದಿನದ ಕೆಲಸದಲ್ಲಿ ಮಾಡಿಕೊಳ್ಳುವ ಒಂದೆರಡು ಬದಲಾವಣೆಗಳು ಇರುತ್ತವೆ. ಬರೀ ಎಳೆತದ ಚಲನೆಗಳೇ ಇದ್ದರೆ ಆ ಹೊತ್ತಿಗೆ ಹಿತವಾಗುತ್ತದೆ, ಸಂಜೆಗೆ ಬಿಗಿತ ಮರಳುತ್ತದೆ. ಬಲ ಬಂದರೆ ಮಾತ್ರ ಉಳಿಯುತ್ತದೆ. ನನಗೆ ಕೊಟ್ಟವು ನಾಲ್ಕೇ. ಇವು ಎಲ್ಲರಿಗೂ ಔಷಧಿಯಲ್ಲ, ಒಳ್ಳೆಯ ಯೋಜನೆ ಹೇಗಿರುತ್ತದೆ ಎಂಬುದಕ್ಕೆ ಮಾದರಿ ಎಂದು ಓದಿಕೊಳ್ಳಿರಿ.

ಮೊದಲನೆಯದು ಗೋಡೆಗೆ ಬೆನ್ನು ಕೊಟ್ಟು ನಿಂತು, ಮೇಲೆ ಕೆಳಗೆ ನೋಡದೆ ಗದ್ದವನ್ನು ನೇರ ಹಿಂದಕ್ಕೆ ಎಳೆದು ಐದು ಎಣಿಸುವುದು, ಹತ್ತು ಸಲ. ಎರಡನೆಯದು ಕಿಟಕಿಯ ಸರಳಿಗೆ ರಬ್ಬರ್ ಪಟ್ಟಿ ಕಟ್ಟಿ, ಮೊಣಕೈ ಪಕ್ಕೆಗೆ ತಾಗುವಂತೆ ಹಿಂದಕ್ಕೆ ಎಳೆಯುವುದು. ಹೆಗಲ ರೆಕ್ಕೆಗಳ ನಡುವೆ ದಣಿವು ಗೊತ್ತಾಗಬೇಕು, ಕಿವಿಯ ಕಡೆಗೆ ಹೆಗಲು ಏರಬಾರದು. ಮೂರನೆಯದು ನಾಲ್ಕು ಕಾಲಿನ ಪ್ರಾಣಿಯಂತೆ ಅಂಗೈ, ಮೊಣಕಾಲೂರಿ, ಎಡಗೈಯನ್ನೂ ಬಲಗಾಲನ್ನೂ ಒಟ್ಟಿಗೆ ಚಾಚಿ ನಿಲ್ಲಿಸುವುದು, ಆಮೇಲೆ ಇನ್ನೊಂದು ಜೋಡಿ. ನಮ್ಮ ಮನೆಗಳ ಶಹಾಬಾದಿ ಫರಸಿಯ ಮೇಲೆ ಮೊಣಕಾಲು ನೋಯುತ್ತದೆ, ಮಡಿಸಿದ ಕೌದಿ ಹಾಸಿಕೊಳ್ಳಿರಿ.

ನಾಲ್ಕನೆಯದನ್ನು ಕಲಿಯಲು ನನಗೆ ಎರಡು ವಾರ ಹಿಡಿಯಿತು. ಕಸಬರಿಗೆಯ ಕೋಲನ್ನು ಬೆನ್ನಿನ ಉದ್ದಕ್ಕೂ ಹಿಡಿದು, ತಲೆಯ ಹಿಂಭಾಗ, ಹೆಗಲ ರೆಕ್ಕೆಗಳ ನಡು, ಟೊಂಕದ ಕೆಳಗಿನ ಎಲುಬು, ಈ ಮೂರೂ ಕೋಲಿಗೆ ತಾಗಿರುವಂತೆಯೇ ತೊಡೆಯ ಸಂದಿನಿಂದ ಮುಂದಕ್ಕೆ ಬಾಗಬೇಕು, ಮೊಣಕಾಲು ಸ್ವಲ್ಪ ಮಡಿಯಬೇಕು. ಮೊದಲು ಬಾಗಿದಾಗಲೆಲ್ಲ ಕೋಲು ಟೊಂಕದಿಂದ ಬಿಟ್ಟುಕೊಳ್ಳುತ್ತಿತ್ತು. ಹಿಂದಿರುವ ಬಾಗಿಲನ್ನು ಕುಂಡಿಯಿಂದ ನೂಕಿ ಮುಚ್ಚುವ ಹಾಗೆ ಮಾಡಿರಿ ಎಂದ ಮೇಲೆ ಬಂತು. ನೀರಿನ ಕೊಡ, ಗ್ಯಾಸ್ ಸಿಲಿಂಡರ್, ತೊಗರಿಯ ಚೀಲ ಯಾವುದನ್ನೆತ್ತುವಾಗಲೂ ಉಪಯೋಗಕ್ಕೆ ಬರುವುದು ಇದೇ. ಎತ್ತುವ ಭಾರದ ಬಗ್ಗೆ ಒಂದು ಮಾತು: ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1967ರಲ್ಲೇ ಒಬ್ಬ ಗಂಡಾಳು ಹೊರುವ ಭಾರ 55 ಕೆ.ಜಿ. ದಾಟಬಾರದೆಂದು ಶಿಫಾರಸು ಮಾಡಿದೆ. ಕ್ವಿಂಟಲ್ ಚೀಲವನ್ನು ಒಬ್ಬನೇ ಹೊರುವವನಿಗೆ ಭಂಗಿಯ ತರಬೇತಿ ಕೊಡುವುದಕ್ಕಿಂತ ಚೀಲವನ್ನು ಸಣ್ಣದು ಮಾಡುವುದು ನ್ಯಾಯ.

ಬಲದ ವ್ಯಾಯಾಮಗಳು ವಾರಕ್ಕೆ ಎರಡು ಮೂರು ದಿನ ಸಾಕು, ಒಂದೊಂದೂ 8ರಿಂದ 12 ಸಲ, ಎರಡು ಸುತ್ತು. 12 ಸಲ ಮಾಡುವುದು ಹಗುರವೆನಿಸತೊಡಗಿದಾಗ ಪಟ್ಟಿ ಬಿಗಿ ಮಾಡಬೇಕು ಅಥವಾ ಭಾರ ಏರಿಸಬೇಕು. ಹೀಗೆ ಏರಿಸುವ ಕ್ರಮವನ್ನು ತರಬೇತುದಾರರು ಬರೆದು ಕೊಡದಿದ್ದರೆ ಕೇಳಿ ಬರೆಸಿಕೊಳ್ಳಿರಿ. ಇದರ ಜೊತೆಗೆ ನಡಿಗೆ: ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಪ್ಪನ ಕೆರೆಯ ದಂಡೆಯ ಮೇಲೆ ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ ನಡೆದರೆ ಕೆಳಗಿನ ಮಿತಿ ಮುಟ್ಟುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ಬಿಸಿಲು 42 ಡಿಗ್ರಿ ದಾಟುವುದರಿಂದ ಏನೇ ಮಾಡುವುದಿದ್ದರೂ ಬೆಳಿಗ್ಗೆ ಏಳರೊಳಗೆ ಮುಗಿಸುವುದು ಒಳ್ಳೆಯದು. ಆ ಕಾಲದಲ್ಲಿ ತಗಡಿನ ಸೂರಿನ ಕೆಳಗೆ ಸಂಜೆಯ ತರಗತಿ ನಡೆಸುವ ಜಿಮ್ಮುಗಳಿವೆ, ಸೇರುವ ಮುನ್ನ ಅದೇ ಹೊತ್ತಿಗೆ ಹೋಗಿ ಹತ್ತು ನಿಮಿಷ ನಿಂತು ನೋಡಿರಿ.

ವ್ಯಾಯಾಮ ಮಾಡುವಾಗ ನೋವಾದರೆ ನಿಲ್ಲಿಸಬೇಕೇ? ನನಗೆ ಹೇಳಿಕೊಟ್ಟ ಲೆಕ್ಕ ಹೀಗಿದೆ. ಸಹಿಸಲಾಗದ ನೋವಿಗೆ ಹತ್ತು ಅಂಕವೆಂದಿಟ್ಟುಕೊಂಡರೆ, ಮೂರರವರೆಗಿನ ನೋವಿಗೆ ಹೆದರಬೇಕಾಗಿಲ್ಲ, ಅದು ಮರುದಿನ ಬೆಳಿಗ್ಗೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಮುಂದಿನ ಸಲ ಅರ್ಧ ಮಾಡಬೇಕು. ನೋವೋ ಜುಮುಜುಮುವೋ ಕೈಯ ಅಥವಾ ಕಾಲಿನ ಕೆಳಗೆ ಕೆಳಗೆ ಇಳಿಯತೊಡಗಿದರೆ ಆ ವ್ಯಾಯಾಮವನ್ನು ಅಲ್ಲಿಗೇ ಬಿಟ್ಟು ಕಲಿಸಿದವರಿಗೆ ತಿಳಿಸಬೇಕು. ನೋವನ್ನು ನುಂಗಿಕೊಂಡು ಮಾಡಿದರೇ ಫಲ ಎನ್ನುವ ತರಬೇತುದಾರರಿಂದ ದೂರವಿರಿ.

ಬೇಡವೆನ್ನಬೇಕಾದವು

ಕುತ್ತಿಗೆಯ ಲಟಿಕೆ ತೆಗೆಸುವುದು ಇವುಗಳಲ್ಲಿ ಮೊದಲನೆಯದು. ಕ್ಷೌರದಂಗಡಿಯಲ್ಲಿ ತಲೆ ತಿಕ್ಕಿದ ಮೇಲೆ ಗದ್ದ ಹಿಡಿದು ಎರಡೂ ಕಡೆ ತಿರುವುವುದು ನಮ್ಮಲ್ಲಿ ಬಹುಕಾಲದ ರೂಢಿ, ಈಗ ಅದನ್ನೇ ಭಂಗಿ ಚಿಕಿತ್ಸೆಯೆಂದು ವಿಡಿಯೋ ಮಾಡಿ ತೋರಿಸುವವರೂ ಇದ್ದಾರೆ. ಕುತ್ತಿಗೆಯ ಮಣಿಗಳ ರಂಧ್ರಗಳ ಮೂಲಕವೇ ಮೆದುಳಿಗೆ ಹೋಗುವ ಎರಡು ರಕ್ತನಾಳಗಳು ಹಾದುಹೋಗುತ್ತವೆ. ರಭಸದ ತಿರುವಿನಿಂದ ಅವುಗಳ ಒಳಪದರ ಹರಿದು ಪಾರ್ಶ್ವವಾಯು ಆಗುವುದು ಅಪರೂಪ, ಆದರೆ ಆದದ್ದುಂಟು. ಸದ್ದು ಬಂದಿತೆಂದರೆ ಎಲುಬು ತನ್ನ ಜಾಗಕ್ಕೆ ಕೂತಿತು ಎಂದಲ್ಲ, ಕೀಲಿನೊಳಗಿನ ದ್ರವದಲ್ಲಿ ಗಾಳಿಗುಳ್ಳೆಯ ಆಟ ಅದು.

ಬೆಲ್ಟುಗಳು ಎರಡನೆಯವು. 2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ದೀರ್ಘಕಾಲದ ಟೊಂಕನೋವಿನ ಮಾರ್ಗಸೂಚಿಯು ವ್ಯಾಯಾಮವನ್ನೂ ತಿಳಿವಳಿಕೆ ಕೊಡುವುದನ್ನೂ ಶಿಫಾರಸು ಮಾಡಿ, ಸೊಂಟದ ಬೆಲ್ಟು ಮತ್ತು ಯಂತ್ರದಿಂದ ಬೆನ್ನು ಎಳೆಯುವ ಟ್ರ್ಯಾಕ್ಷನ್‌ಗಳನ್ನು ವಾಡಿಕೆಯಾಗಿ ಬಳಸಬಾರದೆಂದು ಹೇಳಿತು. ಹೆಗಲನ್ನು ಹಿಂದಕ್ಕೆಳೆದು ಕಟ್ಟುವ ಪಟ್ಟಿಗಳೂ ಕಟ್ಟಿಕೊಂಡಷ್ಟು ಹೊತ್ತು ನೆನಪು ಮಾಡಿಕೊಡುತ್ತವೆ, ಸ್ನಾಯುವಿಗೆ ಬಲ ಕೊಡುವುದಿಲ್ಲ. ಮೂಳೆ ಮುರಿದವರಿಗೆ, ಶಸ್ತ್ರಚಿಕಿತ್ಸೆಯಾದವರಿಗೆ ವೈದ್ಯರು ಬರೆದುಕೊಟ್ಟ ಬೆಲ್ಟು ಬೇರೆ ವಿಷಯ, ಅದನ್ನು ಬಿಡಬಾರದು. ಇನ್ನು 21 ದಿನಕ್ಕೆ ಗೂನು ಮಾಯ, ಎತ್ತರ ಎರಡು ಇಂಚು ಹೆಚ್ಚು ಎಂಬ ಜಾಹೀರಾತುಗಳ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ.

ಮಕ್ಕಳ ವಿಷಯ

ಮಕ್ಕಳನ್ನು ಭಂಗಿ ತರಬೇತಿಗೆ ಕಳಿಸುವ ಮುನ್ನ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಮಗು ಕಾಲು ಜೋಡಿಸಿ, ಅಂಗೈಗಳನ್ನು ಕೂಡಿಸಿ, ಮುಂದಕ್ಕೆ ಬಗ್ಗಲಿ; ಹಿಂದಿನಿಂದ ನೋಡಿದಾಗ ಪಕ್ಕೆಗೂಡಿನ ಒಂದು ಬದಿ ಇನ್ನೊಂದಕ್ಕಿಂತ ಎತ್ತರಿಸಿ ಕಂಡರೆ ಬೆನ್ನೆಲುಬು ಪಕ್ಕಕ್ಕೆ ವಾಲಿ ತಿರುಚಿರುವ ಸಾಧ್ಯತೆ ಇದೆ. ಎಕ್ಸ್‌ರೇಯಲ್ಲಿ ಈ ವಾಲಿಕೆ 10 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದನ್ನು ಸ್ಕೋಲಿಯೋಸಿಸ್ ಎನ್ನುತ್ತಾರೆ. ಬೆಳೆಯುತ್ತಿರುವ ಮಕ್ಕಳಲ್ಲಿ ಸುಮಾರು 25ರಿಂದ 40 ಡಿಗ್ರಿಯವರೆಗೆ ಪಟ್ಟಿಯ ಕವಚ ಹಾಕಿಸುವುದುಂಟು. ಇದು ಸೊಟ್ಟಗೆ ಕೂತದ್ದರಿಂದಾಗಲಿ ಚೀಲ ಹೊತ್ತದ್ದರಿಂದಾಗಲಿ ಬರುವುದಲ್ಲ, ಆದ್ದರಿಂದ ಮಗುವನ್ನು ಗದರಿಸಿ ಪ್ರಯೋಜನವಿಲ್ಲ, ಬೆಳವಣಿಗೆ ನಿಲ್ಲುವ ಮುನ್ನ ಮೂಳೆ ತಜ್ಞರಿಗೆ ತೋರಿಸುವುದರಲ್ಲಿ ಪ್ರಯೋಜನವಿದೆ. ಚೀಲದ ವಿಚಾರಕ್ಕೆ ಬಂದರೆ, ರಾಜ್ಯ ಸರ್ಕಾರದ 2019ರ ಆದೇಶದ ಪ್ರಕಾರ ಒಂದು, ಎರಡನೆಯ ತರಗತಿಗೆ 2 ಕೆ.ಜಿ., ಐದರವರೆಗೆ 3, ಎಂಟರವರೆಗೆ 4, ಹತ್ತರವರೆಗೆ 5 ಕೆ.ಜಿ. ಮೀರಬಾರದು. ಕಿರಾಣಿ ಅಂಗಡಿಯ ತಕ್ಕಡಿಯ ಮೇಲೆ ಒಮ್ಮೆ ಇಟ್ಟು ನೋಡಿರಿ.

ನಾಲ್ಕು ವಾರದ ಲೆಕ್ಕ

ಹಣವನ್ನು ತಿಂಗಳಿಗಿಂತ ಹೆಚ್ಚಿನ ಅವಧಿಗೆ ಒಟ್ಟಿಗೆ ಕಟ್ಟಬೇಡಿರಿ, ರಸೀದಿ ಪಡೆಯಿರಿ. ಆಳಂದ, ಔರಾದ, ಸುರಪುರದಂಥ ಊರುಗಳಿಂದ ಬರುವವರು ದಿನವೂ ಬರಬೇಕೆನ್ನುವ ಕೇಂದ್ರಕ್ಕಿಂತ, ಎರಡು ವಾರಕ್ಕೊಮ್ಮೆ ಬಂದು ಮನೆಯಲ್ಲಿ ಮಾಡುವುದನ್ನು ಕಲಿಸಿ ಕಳಿಸುವವರನ್ನು ಹುಡುಕಿದರೆ ಬಸ್ಸಿನ ಪ್ರಯಾಣದಲ್ಲೇ ಟೊಂಕ ಹಿಡಿಯುವುದು ತಪ್ಪುತ್ತದೆ. ನಾಲ್ಕು ವಾರದ ಮೇಲೆ ಮೊದಲು ಬರೆದಿಟ್ಟ ಪುಸ್ತಕವನ್ನು ತೆಗೆಯಿರಿ: ನೋವಿಲ್ಲದೆ ಕೂರುವ ಹೊತ್ತು ಹೆಚ್ಚಿದೆಯೇ, ನಿದ್ದೆ ಸುಧಾರಿಸಿದೆಯೇ, ಎತ್ತುವ ಭಾರ ಏರಿದೆಯೇ. ಬಲ ಬರಲು 6ರಿಂದ 12 ವಾರ ಬೇಕಾಗುತ್ತದೆ, ಆದರೆ ನಾಲ್ಕು ವಾರದಲ್ಲಿ ಯಾವುದರಲ್ಲೂ ಒಂದಿಷ್ಟೂ ಬದಲಾವಣೆ ಕಾಣದಿದ್ದರೆ ಯೋಜನೆಯನ್ನು ಬದಲಿಸಲು ಕೇಳಬೇಕು. ಇನ್ನೊಂದು ತಿಂಗಳ ಹಣ ಕಟ್ಟಿರಿ ಎಂಬುದೇ ಉತ್ತರವಾದರೆ ಎದ್ದು ಬರಬೇಕು.

ನನ್ನ ಮಟ್ಟಿಗೆ ಕಂಪ್ಯೂಟರಿನ ಪರದೆಯ ಕೆಳಗೆ ಹಳೆಯ ಖಾತೆ ಪುಸ್ತಕಗಳು ನಾಲ್ಕು ಸೇರಿದವು, ಪರದೆಯ ಮೇಲಂಚು ಕಣ್ಣಿನ ಸಮಕ್ಕೆ ಬಂತು. ಮೇಜಿನ ಕಾಲಿಗೆ ಇಟ್ಟಿಗೆ ಕೊಟ್ಟೆವು. ಚಹಾ ತರುವ ಹುಡುಗನಿಗೆ, ಇಲ್ಲಿಗೆ ತರಬೇಡಪ್ಪಾ, ನಾನೇ ಬಂದು ಕುಡಿಯುತ್ತೇನೆ ಎಂದು ಹೇಳಿಟ್ಟೆ. ಐದನೆಯ ಭೇಟಿಯಲ್ಲಿ ಫಿಜಿಯೋಥೆರಪಿಸ್ಟ್ ನನ್ನ ಕಾಗದದ ಹಿಂಬದಿಗೆ ಇಷ್ಟು ಬರೆದುಕೊಟ್ಟು, ಇನ್ನು ಬರಬೇಕಾಗಿಲ್ಲ ಎಂದರು: ತೊಗರಿಯ ಹಂಗಾಮಿನಲ್ಲಿ ನೋವು ಮತ್ತೆ ಬಂದರೆ ಮೂರು ದಿನ ಭಾರ ಅರ್ಧಕ್ಕಿಳಿಸಿ, ನಡಿಗೆ ಬಿಡಬೇಡಿ, ನಾಲ್ಕನೆಯ ದಿನದಿಂದ ಮೊದಲಿನಂತೆ ಏರಿಸುತ್ತ ಹೋಗಿ, ಎರಡು ವಾರವಾದರೂ ಇಳಿಯದಿದ್ದರೆ ಅಥವಾ ಕೈಯ ಹಿಡಿತ ಸಡಿಲಾದರೆ ಫೋನ್ ಮಾಡಿ.